ಖಂಡಸ್ಫುಟಿತ ಜೀರ್ಣೋದ್ಧಾರ

ಕಲ್ಯಾಣದ ಚಾಲುಕ್ಯ ಚಕ್ರವರ್ತಿಗಳ ಕಾಲದ ದಾನಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಪದಪುಂಜವು ಚಿರಪರಿಚಿತವಾದುದು. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರುಕು ಬಿಟ್ಟುದು, ಜೀರ್ಣವೆಂದರೆ ಕಾಲಗತಿಯಿಂದ ಸವೆದುದು. ದೇವಾಲಯವನ್ನೋ ಮಠವನ್ನೋ ಸತ್ರವನ್ನೋ ಕಟ್ಟಿಸಿ ಅದಕ್ಕೆ ಭೂಮಿಯನ್ನು ಬಿಡುವ ದಾನಿಯು, ಆ ಭೂಮಿಯ ಉತ್ಪತ್ತಿಯಲ್ಲಿ ಒಂದು ಪಾಲು ಮುರಿದುದನ್ನು ಸರಿಪಡಿಸುವುದಕ್ಕೂ ಬಿರಿದುದನ್ನು ಕೂಡಿಸುವುದಕ್ಕೂ ಸಲ್ಲತಕ್ಕದ್ದೆಂದು ಕಲ್ಲಿನಲ್ಲಿಯೇ ಬರೆಯಿಸುತ್ತಿದ್ದನು. ಕಟ್ಟಡವು ಇನ್ನೂ ಹೊಸದಾಗಿರುವಾಗಲೇ, ಗೋಡೆಯ ಸುಣ್ಣವು ಒಣಗುವ ಮೊದಲೇ, ಅದು ಮುಂದೊಂದು ದಿನ ಒಡೆಯುವುದೆಂಬ ಮಾತನ್ನು ಸಂಕೋಚವಿಲ್ಲದೆ ಹೇಳಿದ ಆ ಹಿರಿಯರ ವಿವೇಕವನ್ನು ಮೆಚ್ಚದಿರಲು ಸಾಧ್ಯವಿಲ್ಲ. ದಾನ ಮತ್ತು ಪಾಲನ, ಇವೆರಡರಲ್ಲಿ ಪಾಲನವೇ ಹೆಚ್ಚಿನದೆಂಬ ಅಭಿಪ್ರಾಯವನ್ನು ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಹೊಸದಾಗಿ ಕಟ್ಟಿಸಿದವನಿಗೆ ಕೀರ್ತಿಯು ತಾನಾಗಿಯೇ ಬರುವುದು; ಕಾಪಾಡಿದವನಿಗೆ ಅದು ಬರುವುದಿಲ್ಲವಾದುದರಿಂದಲೇ ಶಾಸ್ತ್ರವು ಅವನ ಪಕ್ಷವನ್ನು ವಹಿಸಿರಬೇಕು.

ಆದರೆ ಈ ಪದಪುಂಜವು ಶಾಸನಗಳಲ್ಲಿ ಒಂಟಿಯಾಗಿ ಬರುವುದು ವಿರಳ. ಅದರ ಹಿಂದೆಯೋ ಮುಂದೆಯೋ ಅಂಗಭೋಗ, ರಂಗಭೋಗ, ತಪೋಧನರ ಆಹಾರದಾನ, ವಿದ್ಯಾರ್ಥಿಗಳ ಅಶನಾಚ್ಛಾದನ ಮೊದಲಾದುವು ಸಾಲಾಗಿ ನಿಂತಿರುತ್ತವೆ. ಅಂದರೆ ಕಟ್ಟಡದ ರಕ್ಷಣೆಯೂ, ಆ ಕಟ್ಟಡದಲ್ಲಿ ಯಾರು ಇರಬೇಕು, ಏನು ನಡೆಯಬೇಕು ಎಂಬ ನಿಯಮವೂ ಒಂದೇ ದಾನದ ಎರಡು ಅಂಗಗಳೆಂದು ಭಾವಿಸಲ್ಪಟ್ಟಿದ್ದುವು. ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ, ಒಂದನೆಯ ಸೋಮೇಶ್ವರನ ಆಳಿಕೆಯಲ್ಲಿ, ಮಧುಸೂದನನೆಂಬ ದಂಡನಾಯಕನು ಘಟಿಕಾಸ್ಥಾನವನ್ನು ಏರ್ಪಡಿಸಿದನು. ಅದರ ವ್ಯವಸ್ಥೆಯನ್ನು ತಿಳಿಸುವ ಶಾಸನವು ಕ್ರಿ.ಶ. 1058ರದು. ವೇದಾಧ್ಯಯನ ಮಾಡುವ ವಿದ್ಯಾರ್ಥಿಗಳು 200 ಮಂದಿ, ಅವರಲ್ಲದೆ ಶಾಸ್ತ್ರಾಭ್ಯಾಸಿಗಳು, ಇವರಿಗೆ ಪಾಠ ಹೇಳುವ ಉಪಾಧ್ಯಾಯರು, ಇವರೆಲ್ಲರಿಗಾಗಿ ಓಲೆಯ ಗ್ರಂಥಗಳನ್ನು ಕಾಪಾಡುವ ಸರಸ್ವತೀ ಭಂಡಾರಿಗರು 6 ಮಂದಿ. ಒಂದು ವಿದ್ಯಾಸ್ಥಾನಕ್ಕೆ ಆರು ಜನ ಪುಸ್ತಕಪಾಲಕರೆಂದರೆ ಇಂದಿನ ಪಾಠಶಾಲೆಗಳ ಪುಸ್ತಕದ ಬೀರುಗಳನ್ನು ಕಂಡವರಿಗೆ ಅಚ್ಚರಿಯಾದೀತು.

ನಾಗಾವಿಯಲ್ಲಿ ಇಂದು ಉಳಿದಿರುವುದು ಊರವರು ಅರವತ್ತು ಕಂಬದ ಗುಡಿಯೆಂದು ಕರೆಯುವ ವಿಶಾಲವಾದ ಮಂಟಪವೂ ಸುತ್ತಮುತ್ತಲ ಅವಶೇಷಗಳೂ ಮಾತ್ರ. ಕಂಬಗಳು ಗಟ್ಟಿಯಾಗಿ ನಿಂತಿವೆ. ಆದರೆ ಅವುಗಳ ನಡುವೆ ವೇದಘೋಷವಿಲ್ಲ, ಶಾಸ್ತ್ರಚರ್ಚೆಯಿಲ್ಲ, ಭಂಡಾರಿಗರಿಲ್ಲ. ಶಾಸನೋಕ್ತವಾದ ಎರಡು ಅಂಗಗಳಲ್ಲಿ ಒಂದು ಅಳಿದು ಒಂದು ಉಳಿಯಿತು, ಅಳಿದುದು ಕಲ್ಲಲ್ಲ. ಸ್ಥಾವರ ಜಂಗಮಗಳ ವಿವೇಚನೆಯು ಇದೇ ಸೀಮೆಯ ಕಲ್ಯಾಣದಲ್ಲಿ ಮುಂದಿನ ಶತಮಾನದಲ್ಲಿಯೇ ಅಷ್ಟು ತೀಕ್ಷ್ಣವಾಗಿ ನಡೆಯಿತೆಂಬುದನ್ನು ನೆನೆದಾಗ, ಈ ದೃಶ್ಯವು ಬೇರೊಂದು ಅರ್ಥವನ್ನೇ ಕೊಡುವುದು.

ಅರಸರು ಹೋದರು, ದಂಡನಾಯಕರು ಹೋದರು. ಕಟ್ಟಿಸುವ ಹೊಣೆಯು ಕ್ರಮೇಣ ಸರಕಾರದ ಮೇಲೆ ಬಿದ್ದಿತು. ಗುಡಿ ಸತ್ರಗಳ ಸ್ಥಾನದಲ್ಲಿ ಪುಸ್ತಕಭಂಡಾರ, ಪುರಭವನ, ನಾಟ್ಯಶಾಲೆ, ಚಿತ್ರಶಾಲೆ, ವಸ್ತುಸಂಗ್ರಹಾಲಯ ಎಂಬ ಹೊಸ ಬಗೆಯ ಸಾರ್ವಜನಿಕ ಮಂದಿರಗಳು ಹುಟ್ಟಿದುವು. ಇವುಗಳಲ್ಲಿ ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಎದ್ದವು ಬಹುಮಟ್ಟಿಗೆ ನವ್ಯಮಾರ್ಗದವು. ನವ್ಯಮಾರ್ಗವೆಂದರೆ ಯಾವುದು? ಗೋಪುರ, ಕಮಾನು, ಶಿಲಾಬಾಲಿಕೆ, ಬಳ್ಳಿಸುರುಳಿ ಮೊದಲಾದ ಅಲಂಕಾರಗಳನ್ನೆಲ್ಲ ಬಿಟ್ಟು, ಉಕ್ಕಿನ ಸರಳುಗಳನ್ನು ಒಡಲೊಳಗಿಟ್ಟ ಸಿಮೆಂಟು ಕಾಂಕ್ರೀಟಿನ ಬಲವನ್ನು ನಂಬಿ, ನೇರವಾದ ಗೋಡೆ, ಸಮತಲವಾದ ಛಾವಣಿ, ಉದ್ದುದ್ದನೆಯ ಕಿಟಕಿಗಳಿಂದ ಕಟ್ಟಡವನ್ನು ರಚಿಸುವ ಕ್ರಮ. ಯಾವ ಕಾರ್ಯಕ್ಕಾಗಿ ಕಟ್ಟಡವೋ ಆ ಕಾರ್ಯವೇ ಅದರ ರೂಪವನ್ನು ನಿರ್ಣಯಿಸಬೇಕೆಂಬುದು ಈ ಮಾರ್ಗದವರ ಮುಖ್ಯ ಸಿದ್ಧಾಂತ. ಜಲಸಂಗಿಯ ಗುಡಿಯ ಗೋಡೆಯ ಮೇಲೆ ವಿಕ್ರಮಾದಿತ್ಯನ ಬಿರುದನ್ನು ಬರೆಯುತ್ತ ನಿಂತಿರುವ ಶಿಲಾಕನ್ಯೆಯನ್ನು ನೋಡುತ್ತ ಬೆಳೆದ ಈ ಕಡೆಯ ಜನರಿಗೆ ಇಂತಹ ಬೋಳು ಗೋಡೆಗಳು ರುಚಿಸದಿದ್ದರೆ ಅದು ಅವರ ತಪ್ಪೇನಲ್ಲ. ಆದರೂ ಆ ಗೋಡೆಗಳ ಹಿಂದೆ ಒಂದು ಉದಾರವಾದ ಆಶಯವಿತ್ತೆಂಬುದನ್ನು ಒಪ್ಪಬೇಕು. ಅಲಂಕಾರದ ವೆಚ್ಚವನ್ನು ಉಳಿಸಿ, ಗಾಳಿ ಬೆಳಕುಗಳನ್ನು ಎಲ್ಲರಿಗೂ ಸಮನಾಗಿ ಕೊಡುವ ಮಂದಿರಗಳನ್ನು ಕಟ್ಟಬೇಕೆಂಬುದೇ ಆ ಆಶಯ.

ಈ ಮಾರ್ಗವು ಕನ್ನಡ ನಾಡಿಗೆ ಬಂದ ಬಗೆಯಲ್ಲಿ ಕರುಣೆಯ ಕಥೆಯೊಂದಿದೆ. ಓಟ್ಟೋ ಕ್ಯೋನಿಗ್ಸ್‌ಬರ್ಗರ್ ಎಂಬ ಬರ್ಲಿನ್ನಿನ ಯೆಹೂದಿ ವಾಸ್ತುಶಿಲ್ಪಿಯು (1908–1999) ಹಿಟ್ಲರನ ಆಡಳಿತದಲ್ಲಿ ತಾಯ್ನಾಡಿನಲ್ಲಿ ಇರಲಾರದೆ ಹೊರಟು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ನೆಲೆಸಿದನು. ಸರ್ ಮಿರ್ಜಾ ಇಸ್ಮಾಯಿಲರು ಆಗ ದಿವಾನರು. ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ 1948ರವರೆಗೆ ಆತನು ದುಡಿದನು. ಅನಂತರ ಭಾರತ ಸರಕಾರದ ವಸತಿ ಇಲಾಖೆಯನ್ನು ಸೇರಿದನು. ಮನೆಯನ್ನು ಕಳೆದುಕೊಂಡವನೊಬ್ಬನು ಪರದೇಶದಲ್ಲಿ ಪರರಿಗಾಗಿ ಸಾರ್ವಜನಿಕ ಮಂದಿರಗಳನ್ನು ಕಟ್ಟಿದನು. ಸ್ವಾತಂತ್ರ್ಯವು ಬಂದಮೇಲೆ ಬೆಂಗಳೂರಿನಲ್ಲಿ ಎರಡು ದಾರಿಗಳು ಕಾಣಿಸಿಕೊಂಡವು. ಕೆಂಗಲ್ ಹನುಮಂತಯ್ಯನವರು 1956ರಲ್ಲಿ ಪೂರೈಸಿದ ವಿಧಾನಸೌಧವು ಪ್ರಾಚೀನ ಶಿಲ್ಪದ ವೈಭವವನ್ನು ಬೆಣಚುಕಲ್ಲಿನಲ್ಲಿ ಮರಳಿ ತೋರಿಸಲು ಹೊರಟಿತು. ಕಲೆ ವಿದ್ಯೆಗಳಿಗಾಗಿ ಆಮೇಲೆ ಎದ್ದ ಹಲವು ಮಂದಿರಗಳು ನವ್ಯವಾದ ಸರಳತೆಯನ್ನೇ ಹಿಡಿದುವು. ಕಬ್ಬನ್ ಪಾರ್ಕಿನ ಅಂಚಿನಲ್ಲಿ, ಕಸ್ತೂರಬಾ ರಸ್ತೆಯಲ್ಲಿ, 1877ರ ಹಳೆಯ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ನಿಂತಿರುವ ವೆಂಕಟಪ್ಪ ಚಿತ್ರಶಾಲೆಯು ಅಂತಹುದೊಂದು.

ಈ ಚಿತ್ರಶಾಲೆಯ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನವ್ಯಮಾರ್ಗದ ಸಾರ್ವಜನಿಕ ಮಂದಿರವೊಂದು ಹಳತಾದಾಗ ಅದನ್ನು ಏನು ಮಾಡಬೇಕೆಂಬ ಪ್ರಶ್ನೆಯು ಕರ್ನಾಟಕದಲ್ಲಿ ಅತ್ಯಂತ ಸ್ಪಷ್ಟವಾಗಿ ಎದ್ದುದು ಇಲ್ಲಿಯೇ.

ಕೆ. ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ, ಪರಂಪರೆಯಿಂದ ಅರಮನೆಗೆ ಚಿತ್ರ ಬರೆದುಕೊಡುತ್ತಿದ್ದ ಮನೆತನದಲ್ಲಿ ಜನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬಸುಗಳು ಅವರಿಗೆ ಸಹಪಾಠಿಗಳು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ರಚಿಸಿದ, 1913ರಲ್ಲಿ ಪ್ರಕಟವಾದ ಹಿಂದೂ ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥಕ್ಕೆ ಚಿತ್ರಗಳನ್ನು ಬರೆದವರಲ್ಲಿ ಅವರೂ ಒಬ್ಬರು. ಮರಳಿ ಬಂದಮೇಲೆ ಉದಕಮಂಡಲ ಕೊಡೈಕನಾಲುಗಳ ಮಂಜು ಮಲೆಗಳನ್ನು ಜಲವರ್ಣದಲ್ಲಿ ಬರೆದರು. ದಂತದ ಹಲಗೆಗಳ ಮೇಲೆ ಸೂಕ್ಷ್ಮವಾದ ಭಾವಚಿತ್ರಗಳನ್ನೂ, ಮೈಸೂರು ಅರಮನೆಗಾಗಿ ಗಚ್ಚಿನ ಉಬ್ಬುಶಿಲ್ಪಗಳನ್ನೂ ರಚಿಸಿದರು. ವೈಣಿಕ ಶೇಷಣ್ಣನವರಲ್ಲಿ ವೀಣೆಯನ್ನು ಅಭ್ಯಾಸ ಮಾಡಿದರು. ಆಜನ್ಮ ಬ್ರಹ್ಮಚಾರಿಗಳು; ಕಲೆಯನ್ನು ವ್ರತದಂತೆ ಹಿಡಿದವರು; ಅದಕ್ಕೆ ತಕ್ಕ ಮುಂಗೋಪವೂ ಇದ್ದಿತೆಂದು ಬಲ್ಲವರು ಹೇಳುತ್ತಿದ್ದರು. 1940ರಲ್ಲಿ ಆಶ್ರಯದಾತರಾದ ಮಹಾರಾಜರು ಗತಿಸಿದ ಬಳಿಕ ಬೆಂಗಳೂರಿಗೆ ಬಂದು, 1965ರಲ್ಲಿ ಅಲ್ಲಿಯೇ ದೇಹವನ್ನು ಬಿಟ್ಟರು.

ಅವರ ಹೆಸರಿನ ಚಿತ್ರಶಾಲೆಗೆ ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಶಂಕುಸ್ಥಾಪನೆಯಾಯಿತು. 1970ರ ದಶಕದ ನಡುವಿನಲ್ಲಿ ಅದು ಜನರಿಗೆ ತೆರೆಯಿತು. ವೆಂಕಟಪ್ಪನವರ ಕೃತಿಗಳಲ್ಲದೆ, ಉಡುಪಿಯ ಸೀಮೆಯ ಕಟ್ಟಿಂಗೇರಿಯಿಂದ ಹೊರಟು ಜಗತ್ತಿಗೇ ಪರಿಚಿತರಾದ ಕೃಷ್ಣ ಹೆಬ್ಬಾರರ ಚಿತ್ರಗಳಿಗೂ ಅಲ್ಲಿ ಸ್ಥಾನವು ದೊರೆಯಿತು. ಆದರೆ ಈ ಮಂದಿರದ ವಿಶೇಷವು ಇಷ್ಟರಲ್ಲಿಯೇ ಇಲ್ಲ. ಅದರ ಕೆಲವು ಕೊಠಡಿಗಳನ್ನು ಅಲ್ಪವಾದ ಬಾಡಿಗೆಗೆ ಯಾವ ಕಲಾವಿದನಾದರೂ ಪಡೆದು ತನ್ನ ಚಿತ್ರಗಳನ್ನು ಪ್ರದರ್ಶಿಸಬಹುದಾಗಿತ್ತು. ಜಿಲ್ಲೆಗಳಿಂದ ಬಂದ ತರುಣನಿಗೆ, ರಾಜಧಾನಿಯಲ್ಲಿ ಬಂಧು ಬಳಗವಾಗಲಿ ಧನಿಕರ ಪರಿಚಯವಾಗಲಿ ಇಲ್ಲದವನಿಗೆ, ತನ್ನ ಹತ್ತು ಚಿತ್ರಗಳನ್ನು ಗೋಡೆಗೆ ತೂಗುಹಾಕಿ ಬಂದವರ ಮುಖವನ್ನು ನೋಡುತ್ತ ಕುಳಿತುಕೊಳ್ಳಲು ಅದು ಸುಲಭವಾಗಿ ದೊರೆಯುವ ತಾಣವಾಗಿದ್ದಿತು. ನಾಗಾವಿಯ ಶಾಸನದ ಮಾತಿನಲ್ಲಿ ಹೇಳುವುದಾದರೆ, ವೆಂಕಟಪ್ಪನವರ ಚಿತ್ರಗಳು ಅಲ್ಲಿಯ ಸರಸ್ವತೀ ಭಂಡಾರ; ಈ ತರುಣರು ವಿದ್ಯಾರ್ಥಿಗಳು. ಆದರೆ ಇದನ್ನು ಯಾವ ಕಲ್ಲಿನಲ್ಲಿಯೂ ಯಾರೂ ಬರೆದಿಡಲಿಲ್ಲ. ಖಂಡಸ್ಫುಟಿತಕ್ಕಾಗಿ ಬೇರೆಯಾದ ಒಂದು ನಿಧಿಯೂ ಇರಲಿಲ್ಲ. ಎಲ್ಲವೂ ವರ್ಷವರ್ಷದ ಆಯವ್ಯಯದ ಪಟ್ಟಿಯ ದಯೆಯಲ್ಲಿ ನಿಂತಿದ್ದಿತು.

ಇಲ್ಲಿ ಕಾಂಕ್ರೀಟು ಕಟ್ಟಡಗಳ ರೋಗಲಕ್ಷಣವನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯ. ಕಲ್ಲು ಹೊರಗಿನಿಂದ ಸವೆಯುತ್ತದೆ, ಕಣ್ಣಿಗೆ ಕಾಣುತ್ತದೆ. ಕಾಂಕ್ರೀಟು ಒಳಗಿನಿಂದ ಕೆಡುತ್ತದೆ. ಸಿಮೆಂಟಿನ ಕ್ಷಾರಗುಣವು ಒಳಗಿರುವ ಉಕ್ಕಿನ ಸರಳನ್ನು ತುಕ್ಕಿನಿಂದ ಕಾಯುತ್ತಿರುತ್ತದೆ. ಗಾಳಿಯಲ್ಲಿರುವ ಇಂಗಾಲಾಮ್ಲವು ಸೂಕ್ಷ್ಮವಾದ ರಂಧ್ರಗಳ ಮೂಲಕ ಹತ್ತಾರು ವರ್ಷ ಒಳಕ್ಕೆ ಇಳಿದಿಳಿದು ಆ ಕ್ಷಾರವನ್ನು ಕುಂದಿಸುತ್ತದೆ. ಆಮೇಲೆ ತೇವ ತಗುಲಿದೊಡನೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಉಬ್ಬಿ, ಮೇಲಿನ ಪದರವನ್ನು ಒಡೆದು ಕೆಡಹುತ್ತದೆ. ಸಮತಲವಾದ ಛಾವಣಿಯ ಮೇಲೆ ಮಳೆಯ ನೀರು ನಿಂತರಂತೂ ಕೇಳಬೇಕಾಗಿಯೇ ಇಲ್ಲ. ಬಿರುಕಿನ ಮೇಲೆ ಗಾರೆಯನ್ನು ಬಳಿದು ಸುಣ್ಣ ಹೊಡೆಯುವುದು ಹುಣ್ಣಿನ ಮೇಲೆ ಗಂಧ ಲೇಪಿಸಿದಂತೆ. ಹಳೆಯ ಗೋಡೆಗೆ ಹೊಳೆಯುವ ಕಲ್ಲಿನ ಬಿಲ್ಲೆಗಳನ್ನು ಹೊದಿಸಿ, ಮುಂಭಾಗವನ್ನೆಲ್ಲ ಗಾಜಿನಿಂದ ಮುಚ್ಚಿ, ಅದನ್ನೇ ನವೀಕರಣವೆಂದು ಕರೆಯುವುದು ಇನ್ನೂ ಹೆಚ್ಚಿನ ಮೋಸ. ಆ ಕಟ್ಟಡದ ಸೌಂದರ್ಯವೆಲ್ಲ ಅದರ ಅಳತೆಗಳಲ್ಲಿಯೂ ನೆರಳು ಬೆಳಕುಗಳಲ್ಲಿಯೂ ಇದ್ದುದರಿಂದ, ಹೊದಿಕೆಯು ಬಿದ್ದೊಡನೆ ಅದು ಯಾವ ಊರಿನ ಯಾವ ಅಂಗಡಿಯೆಂದು ಗುರುತಿಸುವುದೂ ಕಷ್ಟವಾಗುತ್ತದೆ.

ಹೀಗೆ ದಶಕಗಳು ಕಳೆದುವು. 2013ರಲ್ಲಿ ಕರ್ನಾಟಕ ಸರಕಾರವು ಪ್ರವಾಸೋದ್ಯಮದ ಅಭಿವೃದ್ಧಿಗಾಗಿ ತಜ್ಞರ ಸಮೂಹವೊಂದನ್ನು ನೇಮಿಸಿತು. ಅದು 2014ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ಪ್ರವಾಸಿಗರನ್ನು ಆಕರ್ಷಿಸಬಲ್ಲ ಸ್ಥಳಗಳನ್ನು ಖಾಸಗಿ ಸಂಸ್ಥೆಗಳು ದತ್ತು ತೆಗೆದುಕೊಂಡು ಉತ್ತಮಪಡಿಸಬೇಕೆಂಬ ವಿಚಾರವು ಆಗ ಬಲಗೊಂಡಿತು. 2015ರಲ್ಲಿ ವೆಂಕಟಪ್ಪ ಚಿತ್ರಶಾಲೆಯ ವಿಷಯದಲ್ಲಿ ತಸ್ವೀರ್ ಎಂಬ ಪ್ರತಿಷ್ಠಾನದೊಡನೆ ಸರಕಾರದ ಒಪ್ಪಂದವಾಯಿತು. ಆ ಪ್ರತಿಷ್ಠಾನದ ಹಿಂದೆ ಇದ್ದವರು ಸ್ವತಃ ದೊಡ್ಡ ಕಲಾಸಂಗ್ರಹವುಳ್ಳವರು, ಅದನ್ನು ಜನರಿಗೆ ತೋರಿಸಬೇಕೆಂಬ ಅಭಿಲಾಷೆಯವರು. ಅವರ ಉದ್ದೇಶವು ಕೆಟ್ಟದೆಂದು ಹೇಳುವುದಕ್ಕೆ ಆಧಾರವಿಲ್ಲ. ಉತ್ತಮವಾದ ಬೆಳಕು, ಚಿತ್ರಗಳ ವೈಜ್ಞಾನಿಕ ರಕ್ಷಣೆ, ಬಂದವರಿಗೆ ಸೌಕರ್ಯ, ದೇಶ ವಿದೇಶಗಳ ಪ್ರದರ್ಶನಗಳು, ಇವೆಲ್ಲ ಯಾರಿಗೆ ಬೇಡ?

ಆದರೆ ಒಪ್ಪಂದವಾದ ಸುದ್ದಿಯು ಅಲ್ಲಿ ನಿತ್ಯವೂ ಓಡಾಡುತ್ತಿದ್ದ ಕಲಾವಿದರಿಗೆ ತಡವಾಗಿ ತಿಳಿಯಿತು. ತಿಳಿದೊಡನೆ ಅವರು ಒಂದುಗೂಡಿ ವೇದಿಕೆಯೊಂದನ್ನು ಮಾಡಿಕೊಂಡರು. 2016ರಲ್ಲಿ ಚಿತ್ರಶಾಲೆಯ ಮುಂದೆಯೇ ಕೂಡಿ ಚಿತ್ರ ಬರೆದು, ಹಾಡಿ, ಅಭಿನಯಿಸಿ ತಮ್ಮ ಅಸಮ್ಮತಿಯನ್ನು ತೋರಿಸಿದರು. ನವ್ಯಕಲೆಯ ಹೆಸರಾದ ಪ್ರೌಢರೂ ಇನ್ನೂ ಕಲಿಯುತ್ತಿದ್ದ ಹುಡುಗರೂ ಒಂದೇ ಸಾಲಿನಲ್ಲಿ ನಿಂತರು. ಅವರ ಭೀತಿಯು ಗೋಡೆಯನ್ನು ಕುರಿತದ್ದಲ್ಲ. ಗೋಡೆಯು ದುರಸ್ತಾಗಬೇಕೆಂದು ಅವರೂ ಬಯಸಿದ್ದರು. ದುರಸ್ತಾದ ಮೇಲೆ ಯಾರ ಚಿತ್ರ ಅಲ್ಲಿ ತೂಗಬೇಕೆಂದು ನಿರ್ಣಯಿಸುವವರು ಯಾರು, ಅಲ್ಪವಾದ ಬಾಡಿಗೆಯು ಉಳಿಯುವುದೋ ಇಲ್ಲವೋ, ವೆಂಕಟಪ್ಪನವರ ಹೆಸರು ಬಾಗಿಲಿನ ಮೇಲೆ ಮಾತ್ರ ಉಳಿಯುವುದೋ ಎಂಬುದೇ ಅವರ ಪ್ರಶ್ನೆ.

‘ದತ್ತು’ ಎಂಬ ಶಬ್ದವನ್ನು ಈ ಸಂದರ್ಭದಲ್ಲಿ ಬಳಸಿದವರು ಅದರ ಶಾಸ್ತ್ರಾರ್ಥವನ್ನು ಯೋಚಿಸಿದ್ದರೋ ಇಲ್ಲವೋ ತಿಳಿಯದು. ಕಲ್ಯಾಣದಲ್ಲಿಯೇ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದನು; ದಾಯಭಾಗದ ವಿಷಯದಲ್ಲಿ ಭಾರತದ ಬಹುಭಾಗಕ್ಕೆ ಎಂಟು ಶತಮಾನಗಳಿಗೂ ಹೆಚ್ಚು ಕಾಲ ಅದೇ ಪ್ರಮಾಣವಾಯಿತು. ದತ್ತಕವಾಗಿ ಹೋದ ಮಗನಿಗೆ ಜನಕನ ಗೋತ್ರವೂ ರಿಕ್ಥವೂ ತಪ್ಪುವುವೆಂಬುದು ಧರ್ಮಶಾಸ್ತ್ರದ ನಿರ್ಣಯ. ಹೋದ ಮನೆಯಲ್ಲಿ ಅವನು ಎಷ್ಟೇ ಸುಖವಾಗಿದ್ದರೂ ಹುಟ್ಟಿದ ಮನೆಯವರ ಪಿಂಡಕ್ಕೆ ಅವನು ಅಧಿಕಾರಿಯಲ್ಲ. ಕಲಾವಿದರು ಅಂಜಿದುದು ಇದಕ್ಕೇ. ದತ್ತು ಹೋದ ಮಂದಿರವು ಚೆನ್ನಾಗಿ ಉಂಡು ಉಟ್ಟು ಬೆಳೆದೀತು; ಆದರೆ ಹುಟ್ಟಿದ ಮನೆಯ ನೆಂಟರನ್ನು ಅದು ಗುರುತಿಸದೆ ಹೋದೀತು.

ಶಾಸನಗಳ ಕಾಲದ ಕ್ರಮವು ಇಲ್ಲಿ ಮತ್ತೊಮ್ಮೆ ನೆನಪಿಗೆ ಬರುತ್ತದೆ. ಅಗ್ರಹಾರದ ದಾನವಾಗಲಿ ದೇವಾಲಯದ ದಾನವಾಗಲಿ ಊರ ಮಹಾಜನರ ಸನ್ನಿಧಿಯಲ್ಲಿ, ಅನೇಕ ವೇಳೆ ಅವರ ಕೈಗೇ ಒಪ್ಪಿಸಿ ಆಗುತ್ತಿದ್ದಿತು. ಯಾರು ಅನುಭವಿಸತಕ್ಕವರೋ ಅವರೇ ಸಾಕ್ಷಿಗಳು, ಅವರೇ ಕಾವಲುಗಾರರು. ಚಿತ್ರಶಾಲೆಯ ಒಪ್ಪಂದದಲ್ಲಿ ಕೊಡುವವರೂ ಇದ್ದರು, ತೆಗೆದುಕೊಳ್ಳುವವರೂ ಇದ್ದರು, ಮಹಾಜನರು ಇರಲಿಲ್ಲ. ದೋಷವು ಎಲ್ಲಿತ್ತೆಂದು ಕೇಳಿದರೆ ಇಲ್ಲಿಯೇ ಎನ್ನಬೇಕಾಗುತ್ತದೆ. ಧನಿಕನು ಹಣ ಕೊಡುವುದರಲ್ಲಿ ದೋಷವಿಲ್ಲ. ಮಧುಸೂದನ ದಂಡನಾಯಕನೇನು ದರಿದ್ರನಾಗಿದ್ದನೆ? ಅವನು ಕೊಟ್ಟ ಹಣವು ಯಾರ ಊಟಕ್ಕೆ, ಯಾರ ಪಾಠಕ್ಕೆ, ಯಾವ ಬಿರುಕಿಗೆ ಎಂಬುದು ಎಲ್ಲರೂ ಓದುವಂತೆ ಕಲ್ಲಿನ ಮೇಲೆ ನಿಂತಿತ್ತು. ಭೇದವಿರುವುದು ಅಲ್ಲಿ.

ಪ್ರತಿಭಟನೆಯ ಫಲವಾಗಿ ಆ ಯೋಜನೆಯು ಮುಂದುವರಿಯಲಿಲ್ಲ. ಖಾಸಗಿ ಸಂಗ್ರಹವು ಅದೇ ಕಸ್ತೂರಬಾ ರಸ್ತೆಯಲ್ಲಿ ಬೇರೆಯಾದ ಹೊಸ ಮಂದಿರವನ್ನು ಕಟ್ಟಿಕೊಂಡು, ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯವೆಂಬ ಹೆಸರಿನಿಂದ 2023ರಲ್ಲಿ ಜನರಿಗೆ ತೆರೆಯಿತು. ಇದರಿಂದ ಯಾರಿಗೂ ನಷ್ಟವಾಗಲಿಲ್ಲ. ನಗರಕ್ಕೆ ಎರಡು ಚಿತ್ರಶಾಲೆಗಳಾದುವು. ಆದರೆ ಹಳೆಯ ಚಿತ್ರಶಾಲೆಯ ದುರಸ್ತಿಯ ಪ್ರಶ್ನೆಯು ಪ್ರತಿಭಟನೆಯಿಂದ ತೀರುವಂತಹದಲ್ಲವೆಂಬುದನ್ನೂ ಮರೆಯಬಾರದು. ಉಳಿಸಿಕೊಂಡವರು ಮನೆಗೆ ಹೋದಮೇಲೂ ಇಂಗಾಲಾಮ್ಲವು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ.

ಇದೇ ತೊಡಕನ್ನು ಬೇರೊಂದು ಊರು ಬಿಡಿಸಿಕೊಂಡ ರೀತಿಯು ತಿಳಿದುಕೊಳ್ಳಲು ಯೋಗ್ಯವಾಗಿದೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಬೆಕ್ಸ್‌ಹಿಲ್ ಎಂಬ ಸಣ್ಣ ಪಟ್ಟಣವಿದೆ. ಅದರ ಪುರಾಧ್ಯಕ್ಷನಾಗಿದ್ದ ಡಿ ಲಾ ವಾರ್ ಎಂಬ ಸಮಾಜವಾದಿ ಸರದಾರನು ಸಾಮಾನ್ಯ ಜನರ ವಿನೋದಕ್ಕೂ ವಿದ್ಯೆಗೂ ಸಮುದ್ರದಂಡೆಯಲ್ಲಿ ಒಂದು ಮಂದಿರವಿರಬೇಕೆಂದು ಬಯಸಿದನು. ಸ್ಪರ್ಧೆಯಲ್ಲಿ ಗೆದ್ದು ಅದನ್ನು ರಚಿಸಿದವರಲ್ಲಿ ಪ್ರಮುಖನು ಏರಿಕ್ ಮೆಂಡೆಲ್‌ಸೋನ್; ಇವನೂ ಕ್ಯೋನಿಗ್ಸ್‌ಬರ್ಗರನಂತೆಯೇ ಜರ್ಮನಿಯನ್ನು ಬಿಟ್ಟು ಬಂದ ಯೆಹೂದಿ. ಗಾಜಿನ ಕೊಳವೆಯಲ್ಲಿ ಸುತ್ತಿಕೊಂಡು ಏರುವ ಮೆಟ್ಟಿಲುಗಳುಳ್ಳ ಆ ಮಂದಿರವು 1935ರ ಡಿಸೆಂಬರಿನಲ್ಲಿ ತೆರೆಯಿತು. ಯುದ್ಧವು ಬಂತು; ಕಡಲಗಾಳಿಯ ಉಪ್ಪು ಸರಳುಗಳ ಒಳಕ್ಕೆ ಇಳಿಯಿತು; ಮಂದಿರವು ಬಡವಾಯಿತು. ಶತಮಾನದ ಕೊನೆಯ ವೇಳೆಗೆ ಅದನ್ನು ಪಾನಗೃಹಗಳ ದೊಡ್ಡ ವ್ಯಾಪಾರಿಯೊಬ್ಬನಿಗೆ ಒಪ್ಪಿಸುವ ಮಾತು ಬಂದಾಗ ಊರವರು ಬಲವಾಗಿ ವಿರೋಧಿಸಿದರು. ಆದರೆ ಅವರು ವಿರೋಧಿಸಿ ಸುಮ್ಮನಾಗಲಿಲ್ಲ. ಧರ್ಮದರ್ಶಿಗಳ ಸಂಸ್ಥೆಯೊಂದು ಏರ್ಪಟ್ಟು 2003ರಲ್ಲಿ ಮಂದಿರವನ್ನು ವಹಿಸಿಕೊಂಡಿತು. ಸಾರ್ವಜನಿಕ ನಿಧಿಗಳಿಂದ ಬಹುಪಾಲು ಹಣವು ಬಂದಿತು. ಸುಮಾರು 80 ಲಕ್ಷ ಪೌಂಡುಗಳ ವೆಚ್ಚದಲ್ಲಿ ದುರಸ್ತಿಯಾಗಿ, ಸಮಕಾಲೀನ ಕಲೆಯ ಕೇಂದ್ರವಾಗಿ 2005ರ ಅಕ್ಟೋಬರಿನಲ್ಲಿ ಮರಳಿ ತೆರೆಯಿತು. ದೂರದ ಪ್ರವಾಸಿಗರು ಬರತೊಡಗಿದರು. ಪ್ರವಾಸಿಗರು ಬರುವುದಕ್ಕಾಗಿ ಊರವರು ಹೊರಗೆ ಹೋಗಬೇಕಾಗಲಿಲ್ಲವೆಂಬುದೇ ಇದರಲ್ಲಿ ಗಮನಿಸತಕ್ಕ ಅಂಶ.

ದಿಲ್ಲಿಯಲ್ಲಿ ನಡೆದುದು ಇದಕ್ಕೆ ತೀರ ವಿರುದ್ಧ. ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದ ಸಂದರ್ಭದಲ್ಲಿ, 1972ರಲ್ಲಿ, ಪ್ರಗತಿ ಮೈದಾನದಲ್ಲಿ ವಾಸ್ತುಶಿಲ್ಪಿ ರಾಜ್ ರೇವಾಲರೂ ಶಿಲ್ಪಯಂತ್ರಜ್ಞ ಮಹೇಂದ್ರ ರಾಜರೂ ‘ರಾಷ್ಟ್ರಗಳ ಭವನ’ವನ್ನು ಕಟ್ಟಿದ್ದರು. ನಡುವೆ ಒಂದು ಕಂಬವೂ ಇಲ್ಲದೆ ಕಾಂಕ್ರೀಟಿನ ತ್ರಿಕೋಣಗಳ ಜಾಲದಿಂದ ನಿಂತ ಅದ್ಭುತವಾದ ಮಂಟಪವದು. 2017ರ ಏಪ್ರಿಲಿನಲ್ಲಿ ಅದನ್ನು ಕೆಡವಿಹಾಕಿದರು. ಅರವತ್ತು ವರ್ಷ ತುಂಬದ ಕಟ್ಟಡವು ಪಾರಂಪರಿಕವೆನಿಸುವುದಿಲ್ಲವೆಂಬುದು ಅದನ್ನು ಉಳಿಸಲು ಕೋರಿದವರಿಗೆ ದೊರೆತ ಸಮಾಧಾನ. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಯಂತೂ ನೂರು ವರ್ಷಗಳನ್ನು ಕೇಳುತ್ತದೆ. ನವ್ಯಮಾರ್ಗದ ಮಂದಿರಗಳಿಗೆ ಈ ಲೆಕ್ಕವು ಮಾರಕವಾದುದು. ನಲವತ್ತರಲ್ಲಿ ಅವು ಜೀರ್ಣವಾಗುತ್ತವೆ. ಅರವತ್ತಕ್ಕೆ, ನೂರಕ್ಕೆ ಮಾನ್ಯವಾಗುತ್ತವೆ. ನಡುವಿನ ಕಾಲದಲ್ಲಿ ಅವುಗಳಿಗೆ ದಿಕ್ಕಿಲ್ಲ.

ಅದೇ ಪ್ರಗತಿ ಮೈದಾನದಲ್ಲಿ 2023ರ ಜುಲೈನಲ್ಲಿ ತೆರೆದ ಹೊಸ ಸಭಾಭವನಕ್ಕೆ ‘ಭಾರತ ಮಂಟಪಮ್’ ಎಂದು ಹೆಸರಿಟ್ಟರು. ಆ ಹೆಸರಿಗೆ ಪ್ರೇರಣೆಯು ಬಸವೇಶ್ವರನ ಅನುಭವ ಮಂಟಪವೆಂದು ಸರಕಾರವೇ ಪ್ರಕಟಿಸಿತು. ಹೀಗೆ ದಿಲ್ಲಿಯ ವೃತ್ತಾಂತವು ಸುತ್ತಿ ಬಂದು ಕಲ್ಯಾಣದಲ್ಲಿಯೇ ಮುಟ್ಟುವುದು.

ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುವು ಪೀಠವನ್ನು ಅಲಂಕರಿಸಿದ್ದನೆಂದೂ, ಅಗಸ ಅಂಬಿಗ ಸಮಗಾರರೆಲ್ಲರೂ ಸ್ತ್ರೀಯರೊಡನೆ ಸಮನಾಗಿ ಕುಳಿತು ಮಾತನಾಡಿದರೆಂದೂ ಪರಂಪರೆಯು ಹೇಳುತ್ತದೆ. ಅದರ ನೆನಪಿಗಾಗಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು, ಹೈದರಾಬಾದಿನ ನಿಜಾಮನ ಆಳಿಕೆಯಲ್ಲಿ ಕನ್ನಡಕ್ಕೆ ಇಂಬಿಲ್ಲದ ದಿನಗಳಲ್ಲಿಯೂ ಕನ್ನಡ ಶಾಲೆಯನ್ನು ನಡೆಯಿಸಿದ ಮಹನೀಯರು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪವನ್ನು ನಿಲ್ಲಿಸಿದರು. ಅರಸನ ಬೊಕ್ಕಸದಿಂದಲ್ಲ, ಊರೂರು ತಿರುಗಿ ಭಕ್ತರು ಕೊಟ್ಟುದನ್ನು ಕೂಡಿಸಿ. ವರ್ಷವರ್ಷವೂ ಅಲ್ಲಿ ಶರಣ ಕಮ್ಮಟವು ನಡೆದುಬಂದಿದೆ. ಹಳ್ಳಿಗಳ ಜನರು ಬಂದು ಕುಳಿತು ವಚನಗಳ ವಿಚಾರವನ್ನು ಕೇಳಿದ್ದಾರೆ. ಅದನ್ನು ನವ್ಯಮಾರ್ಗದ ಮೇರುಕೃತಿಯೆಂದು ಯಾವ ವಾಸ್ತುಜ್ಞನೂ ಹೇಳಲಾರನು. ಆದರೆ ಅದು ತನ್ನ ಕಾಲದ ಸಾಮಗ್ರಿಯಿಂದ, ತನ್ನ ಕಾಲದ ಜನರ ಕೈಯಿಂದ, ಒಂದು ಕಾರ್ಯಕ್ಕಾಗಿ ಎದ್ದುದು. ಆ ಕಾರ್ಯವನ್ನು ಬಿಡದೆ ನಡೆಸಿಕೊಂಡು ಬಂದುದು.

2005ರಲ್ಲಿ ಬಸವಕಲ್ಯಾಣದ ಅಭಿವೃದ್ಧಿಗಾಗಿ ಮಂಡಳಿಯು ಸ್ಥಾಪಿತವಾಯಿತು. 2012ರಲ್ಲಿ 108 ಅಡಿ ಎತ್ತರದ ಬಸವೇಶ್ವರನ ಮೂರ್ತಿಯು ಊರ ಹೊರಗೆ ಎದ್ದು, ದೂರದ ಯಾತ್ರಿಕರು ಬರುವುದು ಹೆಚ್ಚಿತು. 2021ರ ಜನವರಿ 6ರಂದು ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. 770 ಅಮರಗಣಂಗಳ ಸಂಖ್ಯೆಯನ್ನು ನೆನಪಿಗೆ ತರುವಂತೆ ಅದರ ಯೋಜನೆಯನ್ನು ಮಾಡಿದ್ದಾರೆ. ಅಂದಾಜು ವೆಚ್ಚವೆಂದು ಪ್ರಕಟವಾದುದು 500 ಕೋಟಿ ರೂಪಾಯಿ. ಇಂತಹ ಮಹತ್ಕಾರ್ಯವು ಈ ಹಿಂದುಳಿದ ಸೀಮೆಗೆ ಬಂದುದಕ್ಕೆ ಸಂತೋಷಪಡದವರಿಲ್ಲ. ಬೀದರಿನಿಂದ, ಹುಮನಾಬಾದಿನಿಂದ, ಮಹಾರಾಷ್ಟ್ರ ತೆಲಂಗಾಣಗಳಿಂದ ಬರುವವರಿಗೆ ಕಲ್ಯಾಣದಲ್ಲಿ ಕಾಣತಕ್ಕ ಒಂದು ಮಂದಿರವಾಗುವುದು. ಉಪಾಹಾರದವರಿಗೆ, ಗಾಡಿಯವರಿಗೆ, ಹೂವಿನವರಿಗೆ ಜೀವನವಾಗುವುದು.

ಆದರೂ ಹೊಸ ಮಂಟಪವು ತೆರೆದ ದಿನ ಹಳೆಯ ಮಂಟಪದ ಗತಿಯೇನೆಂಬ ಪ್ರಶ್ನೆಯನ್ನು ಈಗಲೇ ಕೇಳುವುದು ಅಪಶಕುನವಲ್ಲ. ಶಾಸನಕರ್ತರು ಹೊಸ ಗುಡಿಯ ಮುಂದೆಯೇ ಬಿರುಕಿನ ಮಾತನ್ನು ಆಡಿದಂತೆ, ಅದು ಶುಭಕಾಲದಲ್ಲಿಯೇ ಕೇಳತಕ್ಕ ಪ್ರಶ್ನೆ. ಹಳೆಯದು ಸಾಮಾನು ತುಂಬುವ ಕೋಣೆಯಾಗಬಹುದು. ಪ್ರವಾಸಿಗರ ಗಾಡಿಗಳಿಗೆ ಎಡೆಮಾಡಿಕೊಡಲು ಬೀಳಲೂಬಹುದು. ಅಥವಾ ಓದುಮನೆಯಾಗಿ, ವಚನಗಳ ಓಲೆಪ್ರತಿಗಳ ಚಿತ್ರಗಳನ್ನಿಟ್ಟ ಭಂಡಾರವಾಗಿ, ಊರ ಮಕ್ಕಳ ನಾಟಕ ಸಂಗೀತಗಳಿಗೆ ಕಡಿಮೆ ಬಾಡಿಗೆಯ ರಂಗವಾಗಿ, ಕಮ್ಮಟಕ್ಕೆ ಬಂದವರ ಗೋಷ್ಠಿಗಳಿಗೆ ನೆಲೆಯಾಗಿ ಇನ್ನೊಂದು ಆಯುಷ್ಯವನ್ನು ಪಡೆಯಲೂಬಹುದು. ಹೊಸ ಮಂಟಪದಲ್ಲಿ ಲೋಕವು ಬಂದು ನೋಡಲಿ; ಹಳೆಯದರಲ್ಲಿ ಊರು ಕುಳಿತು ಮಾತನಾಡಲಿ.

ಉಪಯೋಗವೇ ಕಟ್ಟಡವನ್ನು ಉಳಿಸುವುದೆಂಬುದಕ್ಕೆ ಹುಮನಾಬಾದಿನ ಪಕ್ಕದ ಮಾಣಿಕನಗರವೇ ಕಣ್ಣ ಮುಂದಿದೆ. ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕಪ್ರಭುಗಳು 1845ರಲ್ಲಿ ನೆಲೆನಿಂತ ಆ ಕ್ಷೇತ್ರದಲ್ಲಿ, ಅವರು 1865ರಲ್ಲಿ ಸಮಾಧಿಸ್ಥರಾದ ಬಳಿಕವೂ ದತ್ತಜಯಂತಿಯ ದರಬಾರು ಕೂಡುವುದು ತಪ್ಪಿಲ್ಲ. ಜಾತಿಮತಗಳನ್ನು ಕೇಳದೆ ಗಾಯಕರು ಬಂದು ಹಾಡುವುದು ತಪ್ಪಿಲ್ಲ. ಹಾಡುವ ಕಡೆಯಲ್ಲಿ ದೀಪವಿರಬೇಕು. ದೀಪವಿರುವ ಕಡೆಯಲ್ಲಿ ಸೋರುವ ಮಾಳಿಗೆಯನ್ನು ಯಾರಾದರೊಬ್ಬರು ನೋಡಿಯೇ ನೋಡುತ್ತಾರೆ. ನಾಗಾವಿಯ ಅರವತ್ತು ಕಂಬಗಳ ಕೆಳಗೆ ನೋಡುವವರಿಲ್ಲದೆ ಹೋದುದು ವಿದ್ಯಾರ್ಥಿಗಳು ಹೊರಟುಹೋದ ದಿನದಿಂದ.

ಬಸವಕಲ್ಯಾಣದ ಹೊಸ ಮಂಟಪಕ್ಕೆ ಶಿಲಾಫಲಕವಂತೂ ಬೀಳುವುದು; ಅದರಲ್ಲಿ ಅಧಿಕಾರಿಗಳ, ಮಂತ್ರಿಗಳ ಹೆಸರುಗಳೂ ಬರುವುವು. ಆ ಫಲಕದ ಕೆಳಭಾಗದಲ್ಲಿ ಇನ್ನೂ ಎರಡು ಸಾಲುಗಳಿಗೆ ಸ್ಥಳವಿರಲಿ. ವರ್ಷಕ್ಕೆ ಇಷ್ಟು ಹಣವು ಹೊಸ ಹಳೆಯ ಎರಡು ಮಂಟಪಗಳ ಖಂಡಸ್ಫುಟಿತಕ್ಕೆ ಸಲ್ಲತಕ್ಕದ್ದೆಂದು ಒಂದು ಸಾಲು; ಹಳೆಯ ಮಂಟಪವು ವರ್ಷದಲ್ಲಿ ಇಷ್ಟು ದಿನ ಊರವರ ಸಭೆಗೆ, ಶಾಲೆಯ ಮಕ್ಕಳಿಗೆ, ಕಮ್ಮಟಕ್ಕೆ ಬಾಡಿಗೆಯಿಲ್ಲದೆ ತೆರೆದಿರತಕ್ಕದ್ದೆಂದು ಇನ್ನೊಂದು ಸಾಲು. ಶಂಕುಸ್ಥಾಪನೆಯಾಗಿಹೋದರೂ ಫಲಕವನ್ನು ಕೆತ್ತುವುದಕ್ಕೆ ಕಾಲವು ಮೀರಿಲ್ಲ.